ಕೆಂಪು ದಿಬ್ಬದ ಹಾವುರಾಣಿ

ಕೊರಿನ್ ಪ್ಯಾಸ್ಕೋಗೆ ಕೂತಲ್ಲಿ ಕೂರಲಾಗದ ರೋಗ ಹುಟ್ಟಿನಿಂದಲೇ ಇದೆ ಅಂತ ಅಡಿಲೇಡ್‌ನಲ್ಲಿ ಅವಳ ಜೊತೆ ಕೆಲಸ ಮಾಡುವವರು ಆಡಿಕೊಳ್ಳುತ್ತಿದ್ದರು. ಆ ಮಾರ್ಚ್‌ನಲ್ಲಂತೂ ಅದು ವಿಪರೀತಕ್ಕೆ ಹೋಯಿತು. ಚಹಾ ಮಾಡುವಳು, ಕುಡಿಯಲು ಮರೆಯುವಳು. ಕಾರಿನ ಕೀಲಿ ಹುಡುಕುವಳು, ಅದು ಕೈಯಲ್ಲೇ ಇರುವುದು. ಪಾಪ, ಇನ್ನೇನು ಮಾಡಿಯಾಳು? ಮ್ಯೂಸಿಯಂನ ಬಾಟಲಿಗಳಲ್ಲಿ ಸತ್ತ ಹಾವುರಾಣಿಗಳನ್ನು ನೋಡಿಕೊಂಡೇ ಕೂದಲು ನರೆತವಳಿಗೆ ಮೊದಲ ಸಲ ಹೊಸ ಜಾತಿಯೊಂದು ಸಿಕ್ಕಿತ್ತು. ಅದಕ್ಕೆ ಡೆಸ್ ಕೋವಾಲ್ಡ್‌ನ ಹೆಸರಿಡಬೇಕು, ಹೆಸರು ಅಚ್ಚಾಗುವವರೆಗೆ ಡೆಸ್ ಬದುಕಿರಬೇಕು. ಅಷ್ಟೇ ಅವಳ ಆಸೆ.

ಮರಳಲ್ಲಿ ಬಕೆಟ್ ಹೂತು ಹಾವುರಾಣಿ ಹಿಡಿಯುವುದನ್ನು ಅವಳಿಗೆ ಕಲಿಸಿದ ಮುದುಕ ಈ ಡೆಸ್. ಈಗ ಶ್ವಾಸಕೋಶ ಕೈಕೊಟ್ಟು ಪೋರ್ಟ್ ಅಗಸ್ಟಾದ ಆಸ್ಪತ್ರೆಯಲ್ಲಿ ಮಲಗಿದ್ದ.

ಕಿರುಬೆರಳಿನಷ್ಟಿರುವ ಈ ಹಾವುರಾಣಿಗಳು ಮರಳೊಳಗೇ ಈಜುತ್ತವೆ, ಕಾಲು ಇದ್ದೂ ಇಲ್ಲದಂತೆ. ಜಾತಿ ಗೊತ್ತಾಗುವುದೇ ಬೆರಳಿನಿಂದ. ಹಿಂಗಾಲಿಗೆ ಮೂರು ಬೆರಳಿದ್ದರೆ ಎಲ್ಲರಿಗೂ ಗೊತ್ತಿರುವ ಜಾತಿ. ಮರುಭೂಮಿಯ ಕೆಂಪು ದಿಬ್ಬದಲ್ಲಿ ಹಿಂದೆಂದೋ ಬೇರೆ ತಂಡದವರು ಹಿಡಿದು ಮ್ಯೂಸಿಯಂಗೆ ಕೊಟ್ಟ ಈ ಹೆಣ್ಣು ಹಾವುರಾಣಿಗಳಿಗೆ ಎರಡೇ ಬೆರಳು, ಎರಡೂ ಹಿಂಗಾಲಲ್ಲಿ. ಹುರುಪೆ, ಕಣ್ಣುರೆಪ್ಪೆ ಎಲ್ಲ ಹಳೆಯ ಜಾತಿಯದೇ. ಅಲ್ಲೇ ಅನುಮಾನ ಬರಬೇಕಿತ್ತು, ಆಸೆ ಕಣ್ಣು ಕಟ್ಟಿತು. ಹೊಸ ಜಾತಿ ಅಂತ ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿದಳು, ಡೆಸ್‌ಗೂ ಫೋನ್ ಮಾಡಿ ಹೇಳಿಬಿಟ್ಟಳು.

ಮನಸ್ಸು ತಡೆಯದೆ, ಯಾರೂ ಕೇಳದಿದ್ದರೂ, ಒಂದು ಎಕ್ಸ್-ರೇ ತೆಗೆಸಿದಳು. ಹಿಂಗಾಲಲ್ಲಿ ಮೂರನೇ ಬೆರಳಿನ ಮೂಳೆಯ ಬುಡ ಇತ್ತು. ತುದಿಯನ್ನು ಮಾತ್ರ ಯಾರೋ ನೀಟಾಗಿ ಕತ್ತರಿಸಿದ್ದರು. ಹಿಡಿದು ಬಿಟ್ಟದ್ದು ಮತ್ತೆ ಸಿಕ್ಕರೆ ಗುರುತಿರಲಿ ಅಂತ ಬೆರಳು ಕತ್ತರಿಸುವುದು ಆ ಕಾಲದವರ ರೂಢಿ. ಆದರೆ ಒಂದೇ ಕಾಲಿಗೆ ಕತ್ತರಿ ಹಾಕುತ್ತಿದ್ದರು. ಎರಡಕ್ಕೂ ಹಾಕಿದವರು ಯಾರು? ಆ ತಂಡಕ್ಕಿಂತ ಮೊದಲು ಕೆಂಪು ದಿಬ್ಬದಲ್ಲಿ ಬಕೆಟ್ ಹೂತಿದ್ದವನು ಡೆಸ್ ಒಬ್ಬನೇ. ಕೊರಿನ್ ನಿಂತ ಕಾಲಲ್ಲೇ ಕಾರು ಹತ್ತಿದಳು.

"ಹೋಗಿ, ನಿಮ್ಮ ಹಲ್ಲಿ ತಾತ ಇವತ್ತು ಗಂಜಿನೂ ತಿಂದಿದ್ದಾರೆ," ಎಂದಳು ನರ್ಸು. "ಹೆಸರಿನ ಕಥೆ ಕೇಳಿ ಕೇಳಿ ವಾರ್ಡೇ ಸುಸ್ತಾಗಿದೆ."

ಡೆಸ್ ಅವಳನ್ನು ನೋಡಿ ನಕ್ಕ. "ಕೂತ್ಕೊಳ್ಳೇ. ಯಾಕೆ ಹಾಗೆ ಕುಣೀತಿದೀಯಾ, ಬಚ್ಚಲಿಗೆ ಹೋಗ್ಬೇಕಾ?"

"ಡೆಸ್, ಕೆಂಪು ದಿಬ್ಬದಲ್ಲಿ ನೀನು ಯಾವ ಬೆರಳು ಕತ್ತರಿಸ್ತಿದ್ದೆ?"

"ಹಿಂಗಾಲಿಂದು, ಹೊರಗಡೇದು. ಎರಡೂ ಕಾಲಿಗೆ." ಹೇಳುತ್ತಲೇ ಅವನಿಗೆ ಹೊಳೆಯಿತು. "ಅಯ್ಯೋ, ಕೊರಿನ್."

"ಅದು ಹೊಸ ಜಾತಿ ಅಲ್ಲ. ನಿನ್ನ ಕತ್ತರಿ." ಅವಳಿಗೆ ಅಳು ಬಂತು. "ನಮ್ಮಿಬ್ಬರನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ನೀನು ಸುಮ್ನಿರು ಅಂದ್ರೆ..."

"ಹುಚ್ಚಿ. ಇರದೇ ಇರೋ ಹಾವುರಾಣಿಗೆ ನನ್ನ ಹೆಸರಾ? ವಾಪಸ್ ತಗೋ, ಇಲ್ಲೇ ನಿಂತು ಫೋನ್ ಮಾಡು."

ಮಾಡಿದಳು. ಸಂಪಾದಕ ಒಂದೇ ಮಾತಿಗೆ ಒಪ್ಪಿಕೊಂಡ. ಫೋನ್ ಇಟ್ಟು ನೋಡಿದರೆ ಡೆಸ್ ಕಿಟಕಿಯ ಕಡೆ ತಿರುಗಿದ್ದ. ಅವನಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲೂ ಅವನಿಂದ ಆಗಲಿಲ್ಲ.

ಆ ಕಡೆ ಮುಖ ಮಾಡಿಕೊಂಡೇ ಕೇಳಿದ: "ಬೆರಳಿನ ಗಾಯ ಹಸಿ ಇತ್ತಾ?"

"ಇಲ್ಲ. ಯಾವತ್ತೋ ಮಾಯ್ದಿತ್ತು. ನೀನು ಅವನ್ನ ಬಿಟ್ಟು ಎರಡು ವರ್ಷ ಆದ್ಮೇಲೆ ಆ ತಂಡದವರು ಹಿಡಿದಿದ್ದು. ಹೊಟ್ಟೆ ಬಿಚ್ಚಿ ನೋಡಿದೀನಿ, ಎಲ್ಲದರಲ್ಲೂ ಮೊಟ್ಟೆ ಇತ್ತು."

ಡೆಸ್ ತಿರುಗಿದ. "ಒಂದೂ ಮತ್ತೆ ನನ್ನ ಬಕೆಟ್ಟಿಗೆ ಬೀಳಲಿಲ್ಲ ಕಣೇ. ಬೆರಳು ಕತ್ತರಿಸಿ ಎಲ್ಲಾನೂ ನಾನೇ ಕೊಂದೆ ಅಂದ್ಕೊಂಡಿದ್ದೆ, ಇಷ್ಟು ವರ್ಷ."

ಕೊರಿನ್ ಕುರ್ಚಿ ಎಳೆದು ಕೂತಳು.

"ಇನ್ನೊಂದ್ಸಲ ಹೇಳು," ಎಂದ ಡೆಸ್. "ಎಲ್ಲದರಲ್ಲೂ?"