ಅತ್ತೆ ಕೇಳಿದ ಚೀಟಿ

ನಿನ್ನೆ ನಮ್ಮ ಶಾಲೆಯ ಗುಮಾಸ್ತರು ಒಣಗಿದ ಸ್ಟಾಂಪ್ ಪ್ಯಾಡಿಗೆ ಶಾಯಿ ಹೊಯ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅತ್ತೆ ನೆನಪಾದಳು. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನಪ್ಪನ ಅಕ್ಕ. ಚಿಕ್ಕಯ್ಯನಛತ್ರದ ಕಡೆಗೆ ಕೊಟ್ಟಿದ್ದರು.

ಮೊದಲೇ ಹೇಳಿಬಿಡುತ್ತೇನೆ, ನಾನು ಸದಾ ದಣಿದಿರುವ ಹೆಂಗಸು. ಬೆಳಗ್ಗೆ ತಿಂಡಿ, ಮೂರು ಡಬ್ಬಿ ಊಟ ಮುಗಿಸಿ ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ತಿ. ನರಸೀಪುರದವರೆಗೂ ನಿದ್ದೆ. ಮಕ್ಕಳಿಗೆ ಮಹಿಳೆಯರ ಅಂದು-ಇಂದಿನ ಸ್ಥಾನಮಾನದ ಪಾಠ ಮಾಡುವಾಗ ಆಕಳಿಕೆ ತಡೆಯುವುದೇ ದೊಡ್ಡ ಕೆಲಸ. ‘ಅಂದು’ ಎಂದರೆ ನನ್ನಜ್ಜಿ. ಅವಳ ಹೆಸರು ಪಹಣಿಯಲ್ಲೂ ಇರಲಿಲ್ಲ, ಗಂಡನ ಬಾಯಲ್ಲೂ ಇರಲಿಲ್ಲ. ಅವಳಜ್ಜಿಯ ಹೆಸರಂತೂ ಯಾರಿಗೂ ಗೊತ್ತಿಲ್ಲ. ‘ಇಂದು’ ಎಂದರೆ ನಾನಂತೆ!

ನಾನು ಹತ್ತನೇ ತರಗತಿ ಪಾಸಾದ ಬೇಸಿಗೆ. ಬನ್ನೂರಿನ ಗಂಡೊಂದು ಹೆಚ್ಚುಕಡಿಮೆ ಗೊತ್ತಾಗಿತ್ತು. ತಾತ ತೀರಿಕೊಂಡಿದ್ದರಿಂದ ಜಮೀನು ಅಪ್ಪನ ಹೆಸರಿಗಾಗಬೇಕಿತ್ತು. ಅದಕ್ಕೆ ಅತ್ತೆ ತನ್ನ ಪಾಲು ಬಿಟ್ಟುಕೊಟ್ಟೆನೆಂದು ಬರೆದುಕೊಡಬೇಕು. ಅಪ್ಪ ಅವಳಿಗೆ ಹೊಸ ಸೀರೆ ಕೊಟ್ಟು ನರಸೀಪುರದ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದ. ಪೇಟೆ ನೋಡುವ ಆಸೆಗೆ ನಾನೂ ಹೋದೆ.

ಪತ್ರ ಬರೆಯುವವರು ಶಾಯಿ ಪ್ಯಾಡು ಮುಂದಿಟ್ಟರು. ಅತ್ತೆ ಕೈ ಚಾಚಲಿಲ್ಲ. “ಅದೇನ್ ಬರ್ದವ್ರೆ, ಓದವ್ವ” ಎಂದಳು ನನಗೆ.

“ಸ್ವಇಚ್ಛೆಯಿಂದ...” ಎಂದು ಓದುತ್ತಿದ್ದಂತೆ ತಡೆದಳು.

“ಅಂಗಂದ್ರೇನು?”

“ನಿನ್ ಮನಸಿಂದಾನೇ ಕೊಡ್ತಿದ್ದೀಯ ಅಂತ, ಅತ್ತೆ.”

“ನನ್ ಮನ್ಸ ಯಾರ್ ಕೇಳುದ್ರು?”

ಅಪ್ಪ ಚಡಪಡಿಸಿದ. “ವೊತ್ತಾಯ್ತದೆ ಅಕ್ಕ. ಸಾಯೇಬ್ರು ಊಟಕ್ ಎದ್ದೋಯ್ತರೆ.”

“ಓಗ್ಲಿ ಬುಡು. ಈ ಮಗೀನ ಕಾಲೇಜ್ಗೆ ಸೇರ್ಸು. ಸೇರ್ಸಿದ್ ಚೀಟಿ ತಕಬಾ, ಎಬ್ಬೆಟ್ಟು ಒತ್ತೀನಿ.”

“ಗಂಡು ನೋಡಾಗದೆ ಕಣಕ್ಕ!”

“ನಂಗೂ ಇವ್ಳ್ ವಯಸ್ಗೆ ನೋಡಾಗಿತ್ತು” ಎಂದು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು.

ಅಪ್ಪ ಎರಡು ವಾರ ಎಲ್ಲರ ಮೇಲೂ ರೇಗಾಡಿದ. ಕೊನೆಗೆ ನನ್ನನ್ನು ಕಾಲೇಜಿಗೆ ಸೇರಿಸಿದ. ಅತ್ತೆ ಆ ರಸೀತಿಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಕೆಲವು ವರ್ಷಗಳ ಮೇಲೆ ಅವಳ ಗಂಡ ತೀರಿಕೊಂಡ. ಒಂದು ಸಲ ರಜಕ್ಕೆ ಊರಿಗೆ ಬಂದಾಗ ನೋಡುತ್ತೇನೆ, ನಮ್ಮದೇ ಗದ್ದೆಯಲ್ಲಿ ಅತ್ತೆ ಕೂಲಿಗೆ ಕಳೆ ಕೀಳುತ್ತಿದ್ದಾಳೆ. ಬದುವಿಗೆ ಕಾಫಿ ತಂದುಕೊಟ್ಟೆ. “ಸಕ್ರೆ ಜಾಸ್ತಿ ಆಯ್ತು ಕಣವ್ವ” ಎಂದಳು, ಅಷ್ಟೇ. ಅವಳಿಂದಲೇ ಓದಿದ ನಾನು ಅದರ ಬಗ್ಗೆ ಅಪ್ಪನ ಹತ್ತಿರ ಒಂದು ಮಾತೂ ಆಡಲಿಲ್ಲ.

ಅಪ್ಪನೂ ಹೋದ. ಹೋದ ವಾರ ನನ್ನ ತಮ್ಮ ನಮ್ಮ ಶಾಲೆಗೇ ಬಂದು, ಅತ್ತೆ ಹೆಬ್ಬೆಟ್ಟು ಒತ್ತಿದಂಥದ್ದೇ ಒಂದು ಪತ್ರದ ಕರಡು ಮುಂದಿಟ್ಟ. “ಇಲ್ಲೊಂದ್ ಸೈನ್ ಆಕಕ್ಕ. ಶುಕ್ರವಾರ ರಿಜಿಸ್ಟ್ರಿ” ಎಂದ. ಬೆಲ್ಲು ಹೊಡೆದಿತ್ತು, ತಲೆ ಸಿಡಿಯುತ್ತಿತ್ತು. ಅವನು ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆಯೆಲ್ಲ ಸಹಿ ಹಾಕಿ ಕ್ಲಾಸಿಗೆ ಓಡಿದೆ.

ಅದೆಲ್ಲ ನೆನಪಾಗಿ ನಿನ್ನೆ ಶಾಲೆ ಬಿಟ್ಟ ಮೇಲೆ ಮನೆಗೆ ಹೋಗದೆ ಅತ್ತೆಯ ಊರಿಗೆ ಹೋದೆ. ಸೊಪ್ಪು ಬಿಡಿಸುತ್ತ ಕೂತಿದ್ದಳು. ಎಲ್ಲ ಹೇಳಿದೆ.

“ಅದ್ರಲ್ಲೇನ್ ಬರ್ದಿತ್ತವ್ವ?”

“ಓದ್ಲಿಲ್ಲ ಅತ್ತೆ. ಸುಸ್ತಾಗಿತ್ತು.”

ಅವಳ ಕೈ ನಿಂತಿತು. ಬೈಯಲಿಲ್ಲ. “ನಂಗ್ ಓದಕ್ ಬರಾಕಿಲ್ಲ, ಅದ್ಕೆ ಕೇಳ್ದೆ. ನಿಂಗ್ ಬತ್ತದಲ್ಲ ಮಗ...” ಎಂದು ಅಲ್ಲಿಗೇ ಬಿಟ್ಟು, “ಉಂಡ್ಕೊಂಡ್ ಓಗು” ಎಂದಳು.

ಇವತ್ತು ಬೆಳಗ್ಗೆ ತಮ್ಮನಿಗೆ ಫೋನ್ ಮಾಡಿದೆ. “ಶುಕ್ರವಾರ ಬರಲ್ಲ ಕಣೋ. ನನ್ನ ಪಾಲು ನನಗಿರಲಿ. ಅದರಲ್ಲಿ ಅತ್ತೆಗೂ ಕೊಡ್ತೀನಿ.”

“ಸಂಬ್ಳ ಬತ್ತದೆ, ಇನ್ನೂ ಏನಕ್ಕ ನಿಂಗೆ? ಇನ್ಮೇಲೆ ತವರು ಅಂತ ಬರ್ಬೇಡ” ಎಂದವನೇ ಫೋನಿಟ್ಟ.

ಧೈರ್ಯ ಬಂತೆಂದು ತಿಳಿಯಬೇಡಿ. ಎಂದಿನಂತೆ ಡಬ್ಬಿ ತುಂಬಿ, ಕಾಲೆಳೆದುಕೊಂಡು ಬಸ್ಸಿಗೆ ಹೋದೆ. ಈ ಸಲ ಗೌರಿ ಹಬ್ಬಕ್ಕೆ ತವರಿನಿಂದ ನನಗೆ ಬಾಗಿನ ಬರಲಾರದು. ಗಂಡ ತೀರಿಕೊಂಡ ವರ್ಷದಿಂದಲೇ ಅತ್ತೆಗೆ ನಮ್ಮ ಮನೆಯಿಂದ ಬಾಗಿನ ನಿಂತುಹೋಗಿತ್ತು. ಈ ವರ್ಷ ಅವಳಿಗೆ ನಾನೇ ಬಾಗಿನದ ಮೊರ ಹೊತ್ತುಕೊಂಡು ಹೋಗುತ್ತೇನೆ.