ಹೊತ್ತು ಮುಳುಗದ ಊರಿಗೆ ಹೋದ ಕಂಬಳಿ

೨೦೧೮ರ ಬೇಸಿಗೆಯಲ್ಲಿ ನಾನು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ, ನಮ್ಮೂರಿನ ಉಣ್ಣೆ ನೇಕಾರರ ಸಂಘದಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದೆ. ನಮ್ಮಲ್ಲಿ ಹೆಂಗಸರು ಉಣ್ಣೆ ನೂಲುವುದು, ಗಂಡಸರು ಕಂಬಳಿ ನೇಯುವುದು ಪದ್ಧತಿ. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ಅವರ ಕುಳಿ ಮಗ್ಗ ಖಾಲಿ ಉಳಿಯಿತು. ನೆಲದಲ್ಲಿ ತೋಡಿದ ಆ ಗುಣಿಯೊಳಗೆ ಕಾಲು ಇಳಿಬಿಟ್ಟು ನಾನು ಕುಳಿತೆ. ಮೊದಮೊದಲು ಜನ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಆಮೇಲೆ ಕಂಬಳಿ ಕೊಳ್ಳಲು ಬಂದರು.

ಹೊಸದುರ್ಗದಲ್ಲಿ ನಿಮಗೆ ವಿಜ್ಞಾನ ಹೇಳಿಕೊಡುವ ಮಾರಕ್ಕ ಟೀಚರ್ ಹಿಮಕರಡಿಯ ಪುಟ ಬಂದರೆ ನಿಮ್ಮ ಕೈಲೇ ಓದಿಸಿ, ತಾವು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ, ಒಂದು ಪ್ರಶ್ನೆಗೂ ಉತ್ತರ ಹೇಳುವುದಿಲ್ಲ ಎಂದು ಮೊನ್ನೆ ದೂರಿದಿರಿ. “ಅವರಿಗೆ ಗೊತ್ತಿಲ್ಲ ಅನ್ಸುತ್ತೆ ಅಜ್ಜಿ” ಎಂದು ನಕ್ಕಿರಿ. ಗೊತ್ತಿದೆ, ಮಕ್ಕಳೇ. ಈ ಜಿಲ್ಲೆಯಲ್ಲಿ ಹಿಮಕರಡಿಯ ಹಲ್ಲು ಮುಟ್ಟಿ ನೋಡಿದವರು ಬೇರೆ ಯಾರೂ ಇರಲಾರರು. ಎದುರಿಗೆ ಕುಳಿತು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಮಾರಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮಾರಕ್ಕ ನಮ್ಮೂರಿನ ಈರಣ್ಣನ ಮಗಳು. ಈರಣ್ಣ ಕುರಿ ಸಾಕುವವನು. ನನ್ನ ಮಗ್ಗಕ್ಕೆ ಉಣ್ಣೆ ಬರುತ್ತಿದ್ದುದು ಅವನ ಹಿಂಡಿನಿಂದ. ಅವಳು ಸಿರಿಗೆರೆಯಲ್ಲಿ ಓದಿದಳು, ಮುಂದೆ ದೂರದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಹಿಡಿದಳು. ರಜೆಗೆ ಬಂದರೆ ಚಿತ್ರದುರ್ಗದ ಗುಡ್ಡಗಳಲ್ಲಿ ಕರಡಿಯ ಹಿಕ್ಕೆ ಹುಡುಕಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಕರಡಿ ಏನು ತಿಂದಿದೆ ಎಂಬುದು ಅದರಲ್ಲಿ ತಿಳಿಯುತ್ತದಂತೆ. ಅವಳ ಅಜ್ಜಿಗೆ ಅದು ದೊಡ್ಡ ಅವಮಾನ.

“ಕುರಿ ಹಿಕ್ಕೆ ಬಳಿಯೋದು ತಪ್ಪಲಿ ಅಂತ ಓದಿಸಿದ್ರೆ, ಇವಳು ಕರಡಿ ಹಿಕ್ಕೆ ಆರಿಸ್ತಾಳಲ್ಲೇ ತಾಯಿ! ಇದಕ್ಕೆ ಡಿಗ್ರಿ ಬೇರೆ” ಎಂದು ಮುದುಕಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿತ್ತು.

ಆ ವರ್ಷ ಅವಳ ಪ್ರೊಫೆಸರು ಉತ್ತರ ಧ್ರುವದ ಹತ್ತಿರದ ಒಂದು ದ್ವೀಪಕ್ಕೆ ಹೋಗುವ ತಂಡಕ್ಕೆ ಅವಳನ್ನು ಸೇರಿಸಿದರು. ಅಲ್ಲಿಯ ಹಿಮಕರಡಿಗಳ ಮೇಲಿನ ಸಂಶೋಧನೆ. ಇದು ಮೊದಲ ಪ್ರಯಾಣ, ಒಂದು ರೀತಿಯ ಪರೀಕ್ಷೆ. ಇದರಲ್ಲಿ ಚೆನ್ನಾಗಿ ಕೆಲಸ ಮಾಡಿದರೆ ಪಿಎಚ್.ಡಿ.ಗೆ ಸೀಟು, ಮುಂದೆ ಪ್ರತಿ ವರ್ಷ ಅಲ್ಲಿಗೆ ಹೋಗುವ ಅವಕಾಶ. ಇಲ್ಲದಿದ್ದರೆ ಇಲ್ಲ. ಇದನ್ನು ಅವಳು ನನಗೆ ಬಿಡಿಸಿ ಹೇಳಿದ್ದಳು. ಹೇಳುವಾಗ ನನ್ನ ರಾಟೆಯ ಹಿಡಿಯನ್ನು ಸುಮ್ಮನೆ ತಿರುಗಿಸುತ್ತಿದ್ದಳು.

ಹಿರಿಯೂರಿನಲ್ಲಿ ಅವಳಿಗೆ ಸನ್ಮಾನ ಮಾಡಿದರು. ದೊಡ್ಡ ಫ್ಲೆಕ್ಸಿನಲ್ಲಿ ಒಂದು ಕಡೆ ಅವಳ ಮುಖ, ಇನ್ನೊಂದು ಕಡೆ ಬಾಯಿ ತೆರೆದ ಹಿಮಕರಡಿ, ನಡುವೆ ಕೈಮುಗಿದು ನಿಂತ ಮುಖಂಡರು. ಮುಖಂಡರೇ ಎಲ್ಲರಿಗಿಂತ ದೊಡ್ಡದಾಗಿದ್ದರು.

ಮಾರನೆಯ ದಿನ ಈರಣ್ಣ ಸಂಘಕ್ಕೆ ಬಂದ, ಹಿಂದೆ ಮಗಳು.

“ಅಕ್ಕ, ಒಂದು ಕಂಬಳಿ ಆಗ್ಬೇಕು. ಮರಿ ಉಣ್ಣೆದು.”

“ಯಾರಿಗಪ್ಪ?”

“ಇವಳಿಗೆ. ಗಂಡುಹುಡುಗ್ರು ಮೊದಲನೇ ಸಲ ಕುರಿ ಹಿಂದೆ ದೂರ ಹೊಂಟಾಗ ಹೊಸ ಕಂಬಳಿ ಕೊಟ್ಟು ಕಳಿಸ್ತೀವಲ್ಲ. ನಮ್ಮಪ್ಪ ನನಗೆ ಕೊಟ್ಟಿದ್ದ. ಇವಳೂ ಹೊಂಟಳಲ್ಲ, ನನಗಿಂತ ದೂರ.”

ಮಾರಕ್ಕ ತಲೆ ತಗ್ಗಿಸಿ, “ಅಪ್ಪಾ, ಅಲ್ಲಿ ಬೆಚ್ಚಗಿನ ಬಟ್ಟೆ ಅವರೇ ಕೊಡ್ತಾರೆ” ಎಂದಳು.

“ಕೊಟ್ಟಿದ್ದು ಹೊದ್ಕೊ. ನಮ್ಮದು ಹಾಸ್ಕೊ.”

ಅವಳಿಗೆ ಹೊತ್ತೊಯ್ಯುವ ಇಷ್ಟವಿರಲಿಲ್ಲ, ಕಾರಣವೂ ನನಗೆ ಗೊತ್ತಿತ್ತು. ಓದುವಾಗ ಹಾಸ್ಟೆಲೊಂದರಲ್ಲಿ ಹುಡುಗಿಯರು ಕಂಬಳಿ ಹಾಸಿದ ಅವಳ ಹಾಸಿಗೆಯನ್ನು “ಕುರಿಹಟ್ಟಿ” ಎಂದು ಕರೆಯುತ್ತಿದ್ದರು. ಆದರೆ ಅಪ್ಪನ ಮುಖ ನೋಡಿ ಒಪ್ಪಿದಳು. ನಮ್ಮ ಜನರಲ್ಲಿ ಮಗಳಿಗೆ ಹೀಗೆ ಕಂಬಳಿ ಕೊಟ್ಟಿದ್ದನ್ನು ನಾನು ಅದೇ ಮೊದಲು ಕಂಡಿದ್ದು.

ಕಂಬಳಿಯ ಕೆಲಸ ನಿಮಗೆ ಗೊತ್ತಿಲ್ಲದ ಕಾರಣ ಸ್ವಲ್ಪ ಹೇಳಬೇಕು. ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಬಲು ಮೆತ್ತಗೆ. ಅದನ್ನು ಹಿಂಜಿ, ನೂತು, ಮಗ್ಗಕ್ಕೆ ಉದ್ದದ ಎಳೆಗಳನ್ನು ಹಾಸುತ್ತೇವೆ. ಎಳೆ ಗಟ್ಟಿಯಾಗಲು ಹುಣಸೆ ಬೀಜ ಹುರಿದು, ಬೀಸಿ, ಬೇಯಿಸಿದ ಗಂಜಿಯನ್ನು ಕುಂಚದಿಂದ ಬಳಿಯುತ್ತೇವೆ. ಮಿಲ್ಲಿನವರ ಹಾಗೆ ಸೋಪು ಹಾಕಿ ಉಣ್ಣೆಯ ಜಿಡ್ಡು ತೆಗೆಯುವುದಿಲ್ಲ. ಆ ಜಿಡ್ಡಿದ್ದರೇ ಮಳೆನೀರು ಜಾರಿಹೋಗುವುದು. ಹೀಗಾಗಿ ಹೊಸ ಕಂಬಳಿಗೆ ಕುರಿಯ ವಾಸನೆ, ಗಂಜಿಯ ವಾಸನೆ ಎರಡೂ ಇರುತ್ತವೆ. ನಮಗೆ ಅದು ಹೊಸತಿನ ವಾಸನೆ.

ನಾನು ನೇಯ್ದದ್ದರಲ್ಲಿ ಅದು ಎಲ್ಲಕ್ಕಿಂತ ಚೆನ್ನಾಗಿತ್ತು. ಕೊಡುವಾಗ ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದೆ. “ತೇವ ಆದ್ರೆ ಮಡಚಿ ಇಡಬ್ಯಾಡ, ಗಂಜಿ ಹುಳಿ ಬರ್ತೈತೆ. ಬಿಸಿಲಿಗೆ ಹಾಕು. ಹೊತ್ತು ಮುಣುಗೋಕೆ ಮುಂಚೆ ಒಳಗೆ ತಗೊ. ಇಲ್ಲಂದ್ರೆ ವಾಸನೆಗೆ ನಾಯಿ ಬಂದು ಎಳಿತಾವೆ.”

“ಅಲ್ಲಿ ನಾಯಿ ಇರಲ್ಲ ದೊಡ್ಡಮ್ಮ” ಎಂದು ನಕ್ಕಳು.

ಜೂನ್ ಕೊನೆಯಲ್ಲಿ ಹೊರಟವಳು ಜುಲೈ ಮುಗಿಯುವ ಮೊದಲೇ ಬಂದಳು. ಬರಬೇಕಾದದ್ದು ಸೆಪ್ಟೆಂಬರಿಗೆ. ಬಸ್ಸಿಳಿದು ಮನೆಗೂ ಹೋಗದೆ ನನ್ನ ಮಗ್ಗದ ಹತ್ತಿರ ಬಂದು ಕುಳಿತಳು. ನಾನು ಲಾಳಿ ಆಡಿಸುತ್ತಲೇ ಇದ್ದೆ. ಆಮೇಲೆ ಅವಳೇ ಹೇಳಿದಳು.

ಸಮುದ್ರದ ದಡದಲ್ಲಿ ಮರದ ಮನೆ. ಒಂದು ಕೋಣೆಯಲ್ಲಿ ಮೂವರು ಹುಡುಗಿಯರು. ಅವರಲ್ಲಿ ಒಬ್ಬಳು ನಮ್ಮ ದೇಶದವಳೇ, ದೊಡ್ಡ ಪಟ್ಟಣದವಳು. ಮೊದಲ ದಿನಗಳು ಚೆನ್ನಾಗಿದ್ದವು. ಮಾರಕ್ಕ ದುರ್ಬೀನು ಹಿಡಿದು ದಿನವೆಲ್ಲ ಕಾದಳು, ಒಂದು ಕರಡಿಯೂ ಕಾಣಲಿಲ್ಲ. ಒಂದು ದಿನ ಇನ್ನೊಂದು ದಡದಲ್ಲಿ ತಂಗಿದ್ದು ದೋಣಿಯಲ್ಲಿ ಬರುವಾಗ ಅಲೆ ಹೊಡೆದು ಸಾಮಾನೆಲ್ಲ ನೆನೆಯಿತು, ಕಂಬಳಿಯೂ ನೆನೆಯಿತು. ಅದನ್ನು ಕೋಣೆಯಲ್ಲಿ ಒಲೆಯ ಬಳಿ ಹರವಿದಳು. ಬೆಚ್ಚಗಾದಂತೆ ವಾಸನೆ ಎದ್ದಿತು. ಆ ಪಟ್ಟಣದ ಹುಡುಗಿ ಮೂಗಿಗೆ ಬಟ್ಟೆ ಹಿಡಿದು, “ಇದೇನು, ಕುರಿಯನ್ನೇ ಹೊತ್ತು ತಂದಿದ್ದೀಯಾ? ಹೊರಗಿಡು, ಇಲ್ಲಾ ನಾನು ಹೊರಗೆ ಮಲಗ್ತೀನಿ” ಎಂದಳಂತೆ. ಇನ್ನೊಬ್ಬಳು ನಕ್ಕಳಂತೆ.

ಮಾರಕ್ಕ ಕಂಬಳಿ ಎತ್ತಿಕೊಂಡು ಹೊರಗೆ ಹೋಗಿ, ಮನೆಯ ಹಿಂದಿನ ಹಗ್ಗದ ಮೇಲೆ ಹಾಕಿದಳು. ಚೆನ್ನಾಗಿ ಬಿಸಿಲಿತ್ತು.

ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿದ್ದವು. ಊಟದ ಪದಾರ್ಥ, ಕೊಬ್ಬು, ಕಸ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಹಿಮಕರಡಿಗೆ ಬಹಳ ದೂರದಿಂದ ವಾಸನೆ ಸಿಗುತ್ತದೆ. ಹಾಸಿಗೆಯ ಮಾತು ಅದರಲ್ಲಿ ಇರಲಿಲ್ಲ. ಆದರೆ ನಮ್ಮ ಕಂಬಳಿಯಲ್ಲಿ ಗಂಜಿಯೂ ಇತ್ತು, ಕೊಬ್ಬಿನಂಥ ಜಿಡ್ಡೂ ಇತ್ತು.

“ಒಳಗೆ ತರೋದು ಮರೆತ್ಯಾ?” ಎಂದೆ.

“ನೀನು ಹೇಳಿದ್ದು ಮರೆತಿರ್ಲಿಲ್ಲ ದೊಡ್ಡಮ್ಮ. ಮನೇಲಿ ಹೊತ್ತು ಮುಣುಗಿದ್ರೆ ಕೈ ತಾನೇ ಹೊರಗಿಂದು ಒಳಗೆ ತರುತ್ತೆ, ಯೋಚನೆ ಮಾಡೋ ಹಂಗೇ ಇಲ್ಲ. ಅಲ್ಲಿ ಬ್ಯಾಸಿಗೆಲಿ ಹೊತ್ತು ಮುಣುಗಲ್ಲ. ಗಡಿಯಾರ ನೋಡಿ ಮಲಗ್ತಿದ್ವಿ. ಊಟ ಆತು, ಬರೆಯೋ ಕೆಲಸ ಆತು, ಪರದೆ ಎಳೆದು ಮಲಗಿದ್ವಿ. ಹೊರಗೆ ಇನ್ನೂ ಬಿಸಿಲೇ ಇತ್ತು.”

ಬಂದೂಕಿನ ಸದ್ದಿಗೆ ಎಚ್ಚರವಾಯಿತಂತೆ. ಕಾವಲಿನವನು ಮೊದಲು ಹೆದರಿಸಲು ಪಟಾಕಿಯಂಥ ಬೆಂಕಿಯ ಬಾಣ ಹಾರಿಸಿದ್ದ. ಕರಡಿ ಹೋಗಲಿಲ್ಲ. ಹಸಿದಿತ್ತು. ಕಂಬಳಿಯನ್ನು ಕೆಳಗೆಳೆದು, ಮುಂಗಾಲಲ್ಲಿ ಒತ್ತಿಕೊಂಡು ಕಚ್ಚುತ್ತಿತ್ತು. ಅದನ್ನು ಬಿಡಿಸಲು ಸದ್ದು ಮಾಡಿದಾಗ ಮನೆಯ ಬಾಗಿಲ ಕಡೆಗೇ ತಿರುಗಿತು. ಕಾವಲಿನವನು ಗುಂಡು ಹೊಡೆದ. ಹೊಡೆದು ಅವನೇ ಅತ್ತನಂತೆ.

ಇನ್ನೂ ಪ್ರಾಯದ ಹೆಣ್ಣು ಕರಡಿ. ಸತ್ತ ಪ್ರಾಣಿಯ ಅಳತೆ ತೆಗೆಯುವುದು ಅಲ್ಲಿಯ ನಿಯಮ. ಹೊಸಬರು ಕಲಿಯಲಿ ಎಂದು ಟೇಪನ್ನು ಮಾರಕ್ಕನ ಕೈಗೆ ಕೊಟ್ಟರು. ಅವಳು ನೋಡಲು ಹೋದ ಮೊದಲ ಹಿಮಕರಡಿಯನ್ನು ಮೂಗಿನಿಂದ ಬಾಲದವರೆಗೆ ಅವಳೇ ಅಳೆದಳು. ಪಂಜ ಅಳೆದಳು. ಬಾಯಿ ತೆರೆಸಿ ಹಲ್ಲು ಅಳೆದಳು.

“ಹಲ್ಲಿನ ಸಂದಿಯಾಗೆ ಕರೀ ಎಳೆ ಸಿಗಾಕ್ಕಂಡಿತ್ತು ದೊಡ್ಡಮ್ಮ” ಎಂದಳು. “ನೀನು ನೂತಿದ್ದು.”

ನನ್ನ ಕೈ ಆಗ ನಿಂತಿತು.

ತನಿಖೆ ನಡೆಯಿತು. ಕಂಬಳಿ ಹೊರಗೆ ಹಾಕಿದವರು ಯಾರು ಎಂದು ಕೇಳಿದರು. “ನಾನು” ಎಂದಳು. ಯಾಕೆ ಎಂದಾಗ “ಒಣಗಲು” ಎಂದಳು. ಪಟ್ಟಣದ ಹುಡುಗಿ ಅಲ್ಲೇ ಕುಳಿತು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಮಾರಕ್ಕನನ್ನು ಮಾತ್ರ ಊರಿಗೆ ಕಳಿಸಿದರು.

ನನಗೆ ಸಿಟ್ಟು ಬಂತು. “ಲೇ, ಅವಳೇ ಹೊರಗೆ ಹಾಕ್ಸಿದ್ದು ಅಂತ ಹೇಳ್ಬಾರ್ದಿತ್ತಾ? ಬಾಯಾಗೇನು ಕಡುಬು ಇಟ್ಕಂಡಿದ್ಯಾ?”

“ಹೇಳ್ಬೋದಿತ್ತು” ಎಂದಳು. “ಅದನ್ನ ಹೇಳ್ಬೇಕು ಅಂದ್ರೆ, ಯಾಕೆ ಹಾಕ್ಸಿದ್ಲು ಅಂತ ಕೇಳ್ತಾರೆ. ಆಗ ಅಷ್ಟು ಜನದ ಮುಂದೆ ನಾನೇ ಹೇಳ್ಬೇಕಲ್ಲ ದೊಡ್ಡಮ್ಮ, ನಮ್ಮಪ್ಪ ಕೊಟ್ಟ ಕಂಬಳಿ ನಾರುತ್ತೆ ಅಂತ.”

ನಾನು ಗುಣಿಯಿಂದ ಎದ್ದು ಅವಳ ಪಕ್ಕ ಹೋಗಿ ಕುಳಿತೆ.

ಪಿಎಚ್.ಡಿ. ಸೀಟು ಆ ಪಟ್ಟಣದ ಹುಡುಗಿಗೆ ಸಿಕ್ಕಿತು. ಮಾರಕ್ಕನಿಗೆ ಪ್ರೊಫೆಸರು, ಸ್ವಲ್ಪ ದಿನ ಕಳೆಯಲಿ, ಕರೆಯುತ್ತೇವೆ ಎಂದರು. ಕರೆಯಲಿಲ್ಲ. ಇಲ್ಲಿ ಸುದ್ದಿ ಹೇಗೋ ಹರಡಿತು. ಸನ್ಮಾನ ಮಾಡಿದವರು ಬೀದಿಯಲ್ಲಿ ಎದುರಾದರೆ ಫೋನು ಕಿವಿಗಿಟ್ಟುಕೊಂಡು ಪಕ್ಕಕ್ಕೆ ಹೋಗುತ್ತಿದ್ದರು. ಆ ಫ್ಲೆಕ್ಸನ್ನು ಯಾರೋ ಬಿಚ್ಚಿ ತಂದು ಶೇಂಗಾ ರಾಶಿಗೆ ಹೊದಿಸಿದ್ದರು. ನಾನೇ ನೋಡಿದ್ದೇನೆ: ಮೇಲೆ ಮಳೆನೀರು ನಿಂತು, ಅವಳ ಮುಖವೂ ಕರಡಿಯ ಮುಖವೂ ಒಟ್ಟಿಗೆ ತೇಲುತ್ತಿದ್ದವು.

ಹೊಳಲ್ಕೆರೆಯ ಒಬ್ಬ ಅಂಗಡಿಯವನಿಗೆ ಮಾತ್ರ ಇದರಲ್ಲಿ ವ್ಯಾಪಾರ ಕಂಡಿತು. ಬೈಕಿನಲ್ಲಿ ಬಂದು, “ಅಮ್ಮಾ, ‘ಹಿಮಕರಡಿ ಕಂಬಳಿ’ ಅಂತ ಚೀಟಿ ಹಚ್ಚಿ ಮಾರಾಣ. ಕರಡೀನೇ ಹುಡುಕ್ಕಂಡು ಬಂದ ಕಂಬಳಿ ಅಂದ್ರೆ ಜನ ಬಿಡ್ತಾರಾ?” ಎಂದ. ಜಗಳವಾಡಿ ನನಗೆ ಅಭ್ಯಾಸವಿಲ್ಲ. ಅವತ್ತು ಗಂಜಿಯ ಕುಂಚ ಕೈಯಲ್ಲಿತ್ತು. ಅವನ ಬಿಳಿ ಅಂಗಿಯ ಮೇಲೆ ಒಂದು ಸಲ ಬಳಿದೆ. ಆಮೇಲೆ ಅವನು ಬರಲಿಲ್ಲ.

ಈರಣ್ಣ ಮಗಳನ್ನು ಒಂದು ಮಾತೂ ಅನ್ನಲಿಲ್ಲ. ಕರಡಿ ಕಚ್ಚಿದ ಕಂಬಳಿಯನ್ನು ಅಲ್ಲಿಯವರು ಇಟ್ಟುಕೊಂಡಿದ್ದರು. “ಇನ್ನೊಂದು ನೇಯಿ ಅಕ್ಕ, ಅವಳು ಮತ್ತೆ ಹೋಗ್ತಾಳೆ” ಎಂದು ಉಣ್ಣೆ ತಂದು ಹಾಕಿ ಹೋದ. ನೇಯ್ದೆ. ಅವಳು ಹೊಸದುರ್ಗಕ್ಕೆ ಪಾಠ ಹೇಳಲು ಹೋದಾಗ ಒಯ್ದದ್ದು ಅದನ್ನೇ. ಅಷ್ಟೇ ದೂರ ಹೋಯಿತು ಆ ಕಂಬಳಿ.

ಕಂಬಳಿಯನ್ನು ಮಗ್ಗದಿಂದ ಇಳಿಸಿದರೆ ನೇಕಾರರ ಕೆಲಸ ಮುಗಿಯಿತು ಎಂದು ನಿಮ್ಮ ತಾತ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಎಳೆ ಬಿಗಿಯಿದ್ದರೆ ಸಾಕು, ಗಂಜಿ ಹದವಿದ್ದರೆ ಸಾಕು. ಆದರೆ ನಾವು ನೇಯ್ದದ್ದು ನಾವು ಕಾಣದ ಕೋಣೆಗೆ ಹೋಗುತ್ತದೆ, ನಮ್ಮನ್ನು ಕಾಣದವರ ಮೂಗಿನ ಮುಂದೆ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಅದರ ಪರವಾಗಿ ಮಾತಾಡಲು ನೇಯ್ದವಳು ಇರುವುದಿಲ್ಲ.

ಈಗ ನಾನು ಬಿಸಿಲು, ತೇವದ ಮಾತನ್ನು ಆಮೇಲೆ ಹೇಳುತ್ತೇನೆ. ಕಂಬಳಿ ಕೊಳ್ಳಲು ಬಂದವರನ್ನು ಮೊದಲು ಕೇಳುವುದು, “ಇದನ್ನ ಹಾಸ್ಕಂಡ್ರೆ ಪಕ್ಕದಾಗೆ ಯಾರು ಮಲಗ್ತಾರೆ?” ಎಂದು. ಈ ವಯಸ್ಸಿನಲ್ಲಿ ಮುದುಕಿಗೆ ಎಂಥ ಮಾತು ಎಂದುಕೊಂಡು ಜನ ನಗುತ್ತಾರೆ. ನಾನು ಅವರು ನಕ್ಕು ಮುಗಿಸುವ ತನಕ ಕಂಬಳಿಯನ್ನು ಕೈಯಲ್ಲೇ ಹಿಡಿದಿರುತ್ತೇನೆ.