ಮಂಚಗಳು ಊರೂರು ತಿರುಗಿದ ವಾರ

ಮೊದಲು ಬಂದದ್ದು ಬೋರ್ಡು. ಸಿಂದಗಿ ತಾಲೂಕಿನ ಒಂದು ಊರಿನ ಸರ್ಕಾರಿ ದವಾಖಾನೆಗೆ ನಾನು ಡಾಕ್ಟರಾಗಿ ಬಂದು ಎರಡನೆಯ ಬೇಸಿಗೆ ಅದು. ನಮ್ಮ ಜಿಲ್ಲೆ ಮುಂಬೈ ಸರ್ಕಾರದಿಂದ ಮೈಸೂರು ಸರ್ಕಾರದ ಕೈಗೆ ಬಂದು ಕೆಲವು ವರ್ಷವಾಗಿತ್ತು. ಸುತ್ತೋಲೆಗಳು ಮೊದಲು ಪುಣೆಯ ದಿಕ್ಕಿನಿಂದ ಬರುತ್ತಿದ್ದವು, ಈಗ ಬೆಂಗಳೂರಿನಿಂದ. ಕಾಗದದ ಬಣ್ಣ ಬದಲಾಯಿತು, ಮೊಹರು ಬದಲಾಯಿತು. ಗೋಡೆಯ ಸುಣ್ಣ ಮಾತ್ರ ಹಾಗೆಯೇ ಉದುರುತ್ತಿತ್ತು.

ಒಂದು ಮಧ್ಯಾಹ್ನ ಜೀಪಿನಲ್ಲಿ ಹೊಸ ತಗಡಿನ ಬೋರ್ಡು ಬಂತು. 'ಪ್ರಾಥಮಿಕ ಆರೋಗ್ಯ ಕೇಂದ್ರ' ಎಂದು ಕೆಂಪಕ್ಷರ. ಜೊತೆಗೆ ಬಂದ ಸುತ್ತೋಲೆಯ ಸಾರಾಂಶ ಇಷ್ಟು: ಇನ್ನು ಮುಂದೆ ಇದು ಬರೀ ದವಾಖಾನೆಯಲ್ಲ, ಔಷಧ ಕೊಡುವುದರ ಜೊತೆಗೆ ಕೇಂದ್ರದ ಆಡಳಿತವೂ ನನ್ನದೇ, ಹೆರಿಗೆಗೆ ಮತ್ತು ಒಳರೋಗಿಗಳಿಗೆ ಆರು ಮಂಚಗಳ ವಾರ್ಡು ಇರುತ್ತದೆ, ನರ್ಸು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ಹಳೆಯ ಪದ್ಧತಿ ನಿಲ್ಲಬೇಕು, ಹೆಂಗಸರು ಕೇಂದ್ರಕ್ಕೇ ಬರಬೇಕು.

ಓದಿ ನನಗೆ ಸಂತೋಷವೇ ಆಯಿತು. ಹೊಲದ ಗುಡಿಸಲಿನಲ್ಲಿ, ದನದ ಕೊಟ್ಟಿಗೆಯ ಮಗ್ಗುಲಲ್ಲಿ ಹೆರುವುದಕ್ಕಿಂತ ನಮ್ಮಲ್ಲಿಗೆ ಬಂದು ಹೆರುವುದು ಒಳ್ಳೆಯದಲ್ಲವೇ? ನಾನೇ ಊರಲ್ಲಿ ಹೇಳಿಸಿದೆ. ನಮ್ಮ ನರ್ಸಬಾಯಿ ನಾಲತವಾಡದ ಕಡೆಯವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಸುತ್ತಲಿನ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟದ ಮಕ್ಕಳು ಕಡಿಮೆ. ಅವರು ಮಾತ್ರ ಸುತ್ತೋಲೆ ಕೇಳಿ, "ಮಂಚ ಎಲ್ಲಿ ಅದಾವ್ರಿ?" ಎಂದರು.

"ಬರ್ತಾವಂತ ಬರದಾರ ಬಾಯಾರ."

"ಬರಲಿ ತಗೋರಿ. ಬಂದ ಮ್ಯಾಲೆ ಹೇಳಿದ್ರ ಚಲೋ ಇತ್ತು."

ಮಂಚ ಬರಲಿಲ್ಲ. ಹೆಂಗಸರು ಬಂದರು. ಪರಸಿ ಕಲ್ಲಿನ ನೆಲದ ಮೇಲೆ ಮನೆಯಿಂದ ತಂದ ಕೌದಿ ಹಾಸಿ ಮಲಗಿದರು. ಮಳೆ ಸುರುವಾದ ಮೇಲೆ ಆ ನೆಲ ಬೆವರುತ್ತಿತ್ತು. ಬಾಣಂತಿಯರ ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಇರುವೆ ಸಾಲುಗಟ್ಟಿ ಕೌದಿಯೊಳಗೆ ಬರುತ್ತಿದ್ದವು. ನಾನು ಮೇಲಿನ ಕಚೇರಿಗೆ ಮತ್ತೆ ಮತ್ತೆ ಬರೆದೆ. ಮಂಚಗಳ ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬರುತ್ತಿತ್ತು.

ಸುಗ್ಗಿಯ ಹೊತ್ತಿಗೆ ಸುದ್ದಿ ಬಂತು. ಹೊಸ ಕೇಂದ್ರಗಳನ್ನು ನೋಡಲು ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆ. ಮೊದಲು ಇಂಡಿ ತಾಲೂಕು, ಮರುದಿನ ನಮ್ಮ ಸಿಂದಗಿ ತಾಲೂಕು, ಆಮೇಲೆ ಬಸವನ ಬಾಗೇವಾಡಿ, ಕೊನೆಗೆ ಮುದ್ದೇಬಿಹಾಳ. ನಮ್ಮ ಸರದಿಯ ಹಿಂದಿನ ದಿನ ಮೇಲಿನ ಕಚೇರಿಯ ಹಿರಿಯ ಕಾರಕೂನ ನಮ್ಮಲ್ಲಿಗೆ ಬಂದ. ಬಾಯಿ ತುಂಬ ಎಲೆಅಡಿಕೆ. ಖಾಲಿ ವಾರ್ಡಿನ ನಡುವೆ ನಿಂತು, ಯಾವ ಗೋಡೆಗೆ ಯಾವ ಮಂಚ ಎಂದು ಕೈಮಾಡಿ ತೋರಿಸಿದ. ಮಾತಾಡಲು ಬಾಯಿ ಖಾಲಿ ಮಾಡಿಕೊಳ್ಳಬೇಕಾಯಿತು. ಹೆರಿಗೆಯಾಗುವ ಮೂಲೆಯಲ್ಲೇ ಉಗುಳಿದ.

"ಮುಂಜಾನಿ ಇಂಡಿ ಕಡಿಂದ ಲಾರಿ ಬರತೈತ್ರಿ ಸಾಹೇಬ್ರ. ಆರು ಮಂಚ, ಗಾದಿ, ಚಾದರ, ಎಲ್ಲಾ ಬರ್ತಾವ."

"ಇಂಡಿ ಕಡಿಂದ ಯಾಕ? ಅವು ಅಲ್ಲೀವಲ್ಲೇನು?"

ಅವನು ನಕ್ಕ. "ಅಲ್ಲೀವೂ ಅಲ್ರಿ, ನಿಮ್ಮವೂ ಅಲ್ಲ. ತೋರಸಾಕ ಅಷ್ಟ. ಸಾಹೇಬ್ರು ನೋಡಿ ಹ್ವಾದ ಮ್ಯಾಲೆ ಲಾರಿ ಬಾಗೇವಾಡಿ ಕಡಿಗಿ ಹೊಕ್ಕೈತಿ, ಅಲ್ಲಿಂದ ಮುದ್ದೇಬಿಹಾಳ ಕಡಿಗಿ. ಬಂದಾವು ಇವಷ್ಟ. ಏನ್ ಮಾಡೂದ್ರಿ?"

ನರ್ಸಬಾಯಿ ಬಕೀಟು ತಂದು, ಅವನ ಎದುರಿಗೇ ಆ ಮೂಲೆಯನ್ನು ತೊಳೆದರು. ಅವನು ಕಾಲು ಎತ್ತಿ ದಾರಿ ಬಿಟ್ಟ, ಅಷ್ಟೇ. ನಾಚಿಕೆ ಅವನ ಮುಖಕ್ಕೆ ಗೊತ್ತಿರಲಿಲ್ಲ.

ಮರುದಿನ ಲಾರಿ ಬಂತು. ಬಿಳಿ ಬಣ್ಣದ ಕಬ್ಬಿಣದ ಮಂಚಗಳು, ಪಟ್ಟಾಪಟ್ಟಿ ಗಾದಿ, ಕೆಂಪು ಕಂಬಳಿ. ಒಂದು ಮಂಚದ ಕಾಲು ಗಿಡ್ಡವಾಗಿತ್ತು. ಅದರ ಕೆಳಗಿಡುವ ಇಟ್ಟಿಗೆಯೂ ಲಾರಿಯಲ್ಲೇ ಇಂಡಿ ತಾಲೂಕಿನಿಂದ ಬಂದಿತ್ತು. ಹಮಾಲರು ಸಾಲಾಗಿ ಜೋಡಿಸಿದರು. ಊರವರು ಕಿಟಕಿಯಲ್ಲಿ ಇಣುಕಿ ಖುಷಿಪಟ್ಟರು. ಯಾರಿಗೆ ಏನು ಹೇಳುವುದು?

ಅಷ್ಟರಲ್ಲಿ ಮೋರಟಗಿ ಕಡೆಯಿಂದ ಚಕ್ಕಡಿ ಬಂತು. ಒಕ್ಕಲುತನದ ಮುಸ್ಲಿಂ ಮನೆತನ. ಚೊಚ್ಚಲ ಹೆರಿಗೆಯ ಸೊಸೆ, ಜೊತೆಗೆ ಅತ್ತೆ. ಹುಡುಗಿಯ ತುಟಿ ಒಣಗಿ ಬಿಳಿಚಿತ್ತು. ಹಿಂದಿನ ದಿನದಿಂದ ಬ್ಯಾನಿ ತಿನ್ನುತ್ತಿದ್ದಳಂತೆ. ನರ್ಸಬಾಯಿ ನನ್ನನ್ನು ಕೇಳಲೇ ಇಲ್ಲ. ಹತ್ತಿರದ ಮಂಚಕ್ಕೆ ರಬ್ಬರಿನ ಹಾಸು ಹಾಕಿ ಅವಳನ್ನು ಮಲಗಿಸಿಬಿಟ್ಟರು.

ಕಾರಕೂನ ಓಡಿಬಂದ. "ಏ ಬಾಯಿ, ಹೊಸಾ ಗಾದಿ ಐತಿ! ರಗತ ಹತ್ತತೈತಿ! ಕೆಳಗ ಮಲಗಸ್ರಿ!"

"ನೀವು ಹೊರಗ ನಡೀರಿ" ಎಂದೆ. ಬಾಗಿಲು ಹಾಕಿದೆವು.

ಕಷ್ಟದ ಹೆರಿಗೆ. ಹೆಣ್ಣು ಕೂಸು ಹುಟ್ಟಿ ಅತ್ತಿತು, ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಇದ್ದ ಇಂಜೆಕ್ಷನ್ ಕೊಟ್ಟೆವು, ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದೆವು, ನಾನು ದಣಿದಾಗ ಬಾಯಿ, ಬಾಯಿ ದಣಿದಾಗ ನಾನು. ಮಧ್ಯಾಹ್ನದ ಹೊತ್ತಿಗೆ ರಕ್ತ ಹತೋಟಿಗೆ ಬಂತು. ಮಂಚದ ಕಾಲ ಕಡೆಯ ತುದಿಯನ್ನು ಎತ್ತರಿಸಿ, ಅಲುಗಾಡಬೇಡ ಎಂದು ಹೇಳಿ ಮಲಗಿಸಿದೆವು.

ದೊಡ್ಡ ಸಾಹೇಬರು ಆಗಲೇ ಬಂದರು. ಬಿಳಿ ಪ್ಯಾಂಟು, ಸೌಮ್ಯವಾದ ಮಾತು. ವಾರ್ಡಿನಲ್ಲಿ ಬಾಣಂತಿಯನ್ನು ಕಂಡು ಹಿಗ್ಗಿದರು. "ತುಂಬಾ ಚೆನ್ನಾಗಿ ಇಟ್ಕೊಂಡಿದೀರಿ ಡಾಕ್ಟ್ರೇ. ನೋಡೀಮ್ಮ, ಸರ್ಕಾರ ನಿಮಗೆ ಎಷ್ಟು ಅನುಕೂಲ ಮಾಡ್ಕೊಟ್ಟಿದೆ" ಎಂದು ಅತ್ತೆಗೆ ಹೇಳಿದರು. ಆಕೆ ಸೆರಗು ಸರಿಮಾಡಿಕೊಂಡು, "ಹೌದ್ರಿ ಸಾಹೇಬ್ರ, ನಿಮ್ಮ ಹೊಟ್ಟಿ ತಣ್ಣಗಿರಲಿ" ಎಂದು ಹರಸಿದಳು. ಕಾರಕೂನ ಹಿಂದೆ ನಿಂತು ತಲೆಯಾಡಿಸುತ್ತಿದ್ದ. ನಾನು ಸತ್ಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಜೀಪು ಹತ್ತಿಯಾಗಿತ್ತು.

ಜೀಪಿನ ಧೂಳು ಇಳಿದಿರಲಿಲ್ಲ, ಲಾರಿ ಬಾಗಿಲಿಗೆ ಬಂದು ನಿಂತಿತು. ಹಮಾಲರು ಗಾದಿ ಸುತ್ತಿದರು, ಮಂಚ ಹೊತ್ತರು. ಐದು ಹೋದವು. ಆರನೆಯದರ ಮೇಲೆ ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು, ಎದೆಯ ಮೇಲೆ ಕೂಸು.

"ಆಕಿನ್ನ ಸ್ವಲ್ಪ ಕೆಳಗ ಇಳಸ್ರಿ ಸಾಹೇಬ್ರ" ಎಂದ ಕಾರಕೂನ.

"ಎತ್ತಿದ್ರ ಮತ್ತ ರಕ್ತ ಸುರು ಆಗಬಹುದು. ಜೀವಕ್ಕ ಅಪಾಯ ಐತಿ. ಈ ಮಂಚ ಇಲ್ಲೇ ಇರತೈತಿ."

"ಹಂಗಂದ್ರ ಹೆಂಗ್ರಿ? ಬಾಗೇವಾಡಿ ಕಡೆ ಆರು ತೋರಸಬೇಕು. ಒಂದು ಕಡಿಮಿ ಬಿದ್ರ ನನ್ನ ನೌಕರಿ ಹೊಕ್ಕೈತಿ. ಹಡದಾಕಿ ಏನು, ಹೊಲದಾಗ ಹಡೀಲಿಲ್ಲೇನು ಇವರ ಅವ್ವಗೋಳು?"

ಹೀಗೆ ಹೇಳುತ್ತಲೇ ಅವನು ಹಮಾಲರಿಗೆ ಸನ್ನೆ ಮಾಡಿದ. ಅವರಲ್ಲಿಬ್ಬರು ಮಂಚದ ಕಾಲ ಕಡೆಯ ತುದಿಗೆ ಕೈಹಾಕಿ ಎತ್ತಿಯೇಬಿಟ್ಟರು, ಹುಡುಗಿ ಮೇಲಿರುವಂತೆಯೇ. ಅವಳು ಕೂಸನ್ನು ಅವಚಿಕೊಂಡು ಚೀರಿದಳು. ಆ ಗಳಿಗೆಯಲ್ಲಿ ನನಗಾದ ಹೇಸಿಗೆಯನ್ನು ಹೇಗೆ ಹೇಳಲಿ! ಕೀವು ತುಂಬಿದ ಹುಣ್ಣು ಕೊಯ್ದಿದ್ದೇನೆ, ಹುಳ ಬಿದ್ದ ಕಾಲು ತೊಳೆದಿದ್ದೇನೆ, ವಾಂತಿಭೇದಿಯ ಮನೆಗಳಲ್ಲಿ ಕೂತು ಚಹಾ ಕುಡಿದಿದ್ದೇನೆ. ಅಲ್ಲೆಲ್ಲೂ ಇಂಥ ಹೇಸಿಗೆ ಆಗಿರಲಿಲ್ಲ.

ನಾನು ಕೂಗುವ ಮೊದಲೇ ಅತ್ತೆ ಮಂಚದ ಮೇಲೆ ಹಾರಿ ಕುಂತಿದ್ದಳು. ದಪ್ಪ ಹೆಂಗಸು. ಹಮಾಲರ ಕೈ ಇಳಿಯಿತು.

"ಎತ್ತ್ರಿ ನೋಡೂನು! ನನ್ನೂ ಕೂಡ ಹೊತಗೊಂಡ ಹೋಗ್ರಿ ಬಾಗೇವಾಡಿಗಿ! ಎಪ್ಪಾ, ಹಸೀ ಬಾಣಂತಿನ್ನ ಎಬ್ಬಸಾಕ ನಿನಗ ಮನಸ್ಸರ ಹೆಂಗ ಬಂತೋ? ನಿನ್ನ ಮನ್ಯಾಗ ಹೆಣ್ಣಮಕ್ಕಳು ಇಲ್ಲೇನು? ಈಗ ಹೋದ ಸಾಹೇಬಂದ ಮಂಚ ಐತಂತಲ್ಲ, ಕರಿ ಅವನ್ನ. ಅವ ಬಂದು ಇಳಿ ಅಂದ್ರ ಇಳಿತೇನಿ. ನೀ ಯಾವನಪಾ?"

ಹಮಾಲರು ನೆಲ ನೋಡತೊಡಗಿದರು. ಅವರಲ್ಲಿ ವಯಸ್ಸಾದವನೊಬ್ಬ, "ನಾವು ಒಲ್ಲೆವ್ರಿ, ಪಾಪದ ಕೆಲಸ" ಎಂದು ಹೊರಗೆ ನಡೆದ. ಕಾರಕೂನ ನನ್ನ ಕಡೆ ತಿರುಗಿ, "ಇದಕ್ಕ ನೀವ ಜವಾಬ್ದಾರಿ" ಎಂದ. "ಹೌದು, ನಾನ ಜವಾಬ್ದಾರಿ" ಎಂದೆ. ಲಾರಿ ಐದು ಮಂಚ, ಒಂದು ಇಟ್ಟಿಗೆ ಹೊತ್ತುಕೊಂಡು ಹೋಯಿತು. ಹುಡುಗಿ ಆ ವಾರವೆಲ್ಲ ಅಲ್ಲೇ ಇದ್ದು, ಗಟ್ಟಿಯಾಗಿ, ತನ್ನ ಕಾಲ ಮೇಲೆ ನಡೆದು ಚಕ್ಕಡಿ ಹತ್ತಿದಳು. ಆ ವಾರದಲ್ಲಿ ನೆನೆಯಲು ಹಿತವಾಗಿರುವುದು ಅದೊಂದೇ.

ಪ್ರವಾಸದ ಕೊನೆಗೆ ಮುದ್ದೇಬಿಹಾಳ ತಾಲೂಕಿನ ಒಂದು ಊರಲ್ಲಿ ನಮ್ಮೆಲ್ಲ ಡಾಕ್ಟರರ ಸಭೆ. ಊಟಕ್ಕೆ ಶೇಂಗಾದ ಹೋಳಿಗೆ, ತುಪ್ಪ. ಬೆಂಗಳೂರಿನ ಸಾಹೇಬರು ನನ್ನ ಎದುರಿಗೇ ಕೂತಿದ್ದರು. ಹೋಳಿಗೆ ಮುರಿಯುತ್ತ ನಗುತ್ತ ಕೇಳಿದರು:

"ಏನ್ ಡಾಕ್ಟ್ರೇ, ನಿಮ್ಮಲ್ಲಿ ಆರಿತ್ತು, ಬಾಗೇವಾಡಿ ಕಡೆ ಐದಾಗಿತ್ತು. ಒಂದು ದಾರೀಲಿ ಬಿದ್ದುಹೋಯ್ತಾ?"

ಎಲ್ಲರೂ ನಕ್ಕರು. ನಾನು, "ಬಿದ್ದಿಲ್ಲ ಸರ್, ನೀವು ನೋಡಿದ ಬಾಣಂತಿ ಅದರ ಮೇಲೆ ಇದ್ದಾಳೆ. ಹಾಗಾದರೆ ನಿಮಗೆ ಗೊತ್ತಾಗಿತ್ತೇ?" ಎಂದೆ.

"ಗೊತ್ತಾಗದೆ ಏನು? ಇಟ್ಟಿಗೆ ಇಟ್ಟಿದ್ದ ಮಂಚವನ್ನ ಇಂಡಿಯಿಂದ ನೋಡ್ತಾ ಬಂದಿದೀನಿ. ನೋಡಿ, ಯೋಜನೆ ಜಾರಿಯಾಗಿಲ್ಲ ಅಂತ ನಾನು ಬರೆದ್ರೆ ಮೇಲಿನವರು ಯೋಜನೇನೇ ನಿಲ್ಲಿಸ್ತಾರೆ. ಆಗಿದೆ ಅಂತ ಬರೆದ್ರೆ ಮುಂದೆ ತಾನೇ ಆಗುತ್ತೆ. ನೀವಿನ್ನೂ ಚಿಕ್ಕವರು."

ಆ ಮನುಷ್ಯ ದಡ್ಡನಾಗಿದ್ದರೆ ನನಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ. ಎಲ್ಲ ನೋಡಿದ್ದ, ಎಲ್ಲ ತಿಳಿದಿದ್ದ. ತಿಳಿದೇ ಆ ಅತ್ತೆಯ ಹರಕೆಯನ್ನು ಸ್ವೀಕರಿಸಿದ್ದ. ಸುತ್ತ ಕೂತ ನಮ್ಮವರು ಅವನ ಮಾತಿಗೆ ಹೌದು ಹೌದು ಎನ್ನುತ್ತ ತುಪ್ಪ ಬಡಿಸಿಕೊಳ್ಳುತ್ತಿದ್ದರು. ತುಪ್ಪ ಅವರ ಮುಂಗೈಗೆ ಇಳಿಯುತ್ತಿತ್ತು. ನಾನು ಎದ್ದು ಕೈ ತೊಳೆದೆ. ಬಸ್ಸಿಗೆ ಹೊತ್ತಾಯಿತೆಂದು ಯಾರೋ ಹೇಳಿದರು, ಅದೇ ನೆಪವಾಯಿತು.

ಮುಂದೆ ಆದದ್ದು ಅವರು ಹೇಳಿದಂತೆ ಅಲ್ಲ. ಕೆಲವು ತಿಂಗಳಿಗೆ ಹೊಸ ಸುತ್ತೋಲೆ ಬಂತು: ನಾಲ್ಕೂ ತಾಲೂಕುಗಳ ಕೇಂದ್ರಗಳಿಗೆ ಮಂಚ ಒದಗಿಸಿಯಾಗಿದೆ, ಈ ಬಗ್ಗೆ ಮತ್ತೆ ಯಾರೂ ಬರೆಯತಕ್ಕದ್ದಲ್ಲ, ವಾರ್ಡುಗಳು ಸಿದ್ಧವಿರುವುದರಿಂದ ಮನೆಯ ಹೆರಿಗೆಗೆ ನರ್ಸು ಹೋಗುವುದನ್ನು ಪೂರ್ಣ ನಿಲ್ಲಿಸತಕ್ಕದ್ದು. ನನಗೆ ಪ್ರತ್ಯೇಕವಾಗಿ ಇನ್ನೊಂದು ಕಾಗದ: ನಿಮ್ಮ ಕೇಂದ್ರದಲ್ಲಿ ಇಟ್ಟುಕೊಂಡಿರುವ ಒಂದು ಮಂಚಕ್ಕೆ ಯಾವ ಆಧಾರ?

ನರ್ಸಬಾಯಿಗೆ ಓದಿ ಹೇಳಿದೆ. ಅವರು ತಮ್ಮ ಚೀಲ ತೆಗೆದುಕೊಂಡರು. ಪಕ್ಕದ ಹಳ್ಳಿಯಿಂದ ಕರೆ ಬಂದಿತ್ತು.

"ನಾ ಹೋಗಿ ಬರ್ತೇನ್ರಿ. ಬ್ಯಾಡಂತೀರೇನು?"

"ಹೋಗ್ರಿ ಬಾಯಾರ. ನಾ ಕಳಿಸೇನಿ ಅಂತ ಬರೀತೇನಿ."

ಹಾಗೆಯೇ ಬರೆದೆ, ಪ್ರತಿ ಸಲ. ವರ್ಷ ತುಂಬುವುದರೊಳಗೆ ನನ್ನನ್ನು ಮುದ್ದೇಬಿಹಾಳ ತಾಲೂಕಿಗೆ ವರ್ಗ ಮಾಡಿದರು, ಬಾಯಿಯನ್ನು ಇಂಡಿ ಕಡೆಗೆ. ನಾನು ಬಿಟ್ಟ ಮರುದಿನ ಬಂದು ಆ ಮಂಚವನ್ನೂ ಒಯ್ದರಂತೆ.

ಹೊಸ ಜಾಗದ ವಾರ್ಡಿನಲ್ಲಿ ಬೋರ್ಡು ಬಿಟ್ಟರೆ ಏನೂ ಇರಲಿಲ್ಲ. ನಾನು ಜನಕ್ಕೆ, ಬರುವಾಗ ನಿಮ್ಮ ಮನೆಯ ಹೊರಸು ತಗೊಂಡು ಬನ್ನಿ ಎಂದೆ. ತಂದರು. ಚಕ್ಕಡಿಯಲ್ಲಿ ಬಸುರಿ, ಅವಳ ಹಿಂದೆ ಕಾಲು ಮೇಲಾಗಿ ಹಗ್ಗದ ಹೊರಸು. ಹಾಗೆ ಎಷ್ಟೋ ವರ್ಷ ನಡೆಯಿತು. ನಡುವೆ, ಕೇಂದ್ರದೊಳಗೆ ಖಾಸಗಿ ಸಾಮಾನು ಇಡಬಾರದೆಂದು ಒಂದು ಸುತ್ತೋಲೆ ಬಂದದ್ದೂ ಉಂಟು.

ಅರವತ್ತರ ದಶಕ ಮುಗಿಯುತ್ತ ಬಂದಾಗ ನಿಜವಾದ ಮಂಚಗಳು ಬಂದವು. ನಮ್ಮವೇ, ಹಿಂತಿರುಗಿ ಹೋಗದಂಥವು. ಕಾಗದ ಬಿಚ್ಚಿ ಓದಿದೆ. ಈಗ ಸರ್ಕಾರದ ನೀತಿ ಬದಲಾಗಿತ್ತು. ಕುಟುಂಬ ಯೋಜನೆಯೇ ಎಲ್ಲಕ್ಕಿಂತ ಮೊದಲು. ಈ ಮಂಚಗಳು ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಮೀಸಲು, ಬೇರೆ ಯಾವ ಕೆಲಸಕ್ಕೂ ಬಳಸಕೂಡದು. ಶಿಬಿರ ಎಂದೋ ಒಮ್ಮೆ. ಉಳಿದ ದಿನ ಅವು ಖಾಲಿ ಬಿದ್ದಿರಬೇಕು, ಪಕ್ಕದಲ್ಲಿ ಹೆಂಗಸರು ಜೋಲುಬಿದ್ದ ಹೊರಸಿನ ಮೇಲೆ ನರಳಬೇಕು.

ಮೊದಲ ಶಿಬಿರ ಮುಗಿಯಿತು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸರು ಮನೆಗೆ ಹೋದರು, ಶಿಬಿರಕ್ಕೆ ಬಂದ ಅಧಿಕಾರಿಗಳ ಜೀಪೂ ಹೋಯಿತು. ಅಂದೇ ಮಧ್ಯಾಹ್ನ ವಾರ್ಡು ತೊಳೆಸಿದೆ. ಶಿಬಿರಕ್ಕಾಗಿ ಹೊರಗಿನ ಕಟ್ಟೆಗೆ ಕಳಿಸಿದ್ದ ಬಾಣಂತಿಯರನ್ನು ಒಬ್ಬೊಬ್ಬರಾಗಿ ನಡೆಸಿಕೊಂಡು ಬಂದು ಮಂಚಕ್ಕೆ ಹಾಕಿದೆವು. ಆದೇಶಕ್ಕೆ ವಿರುದ್ಧವಾಗಿ ಹೀಗೆ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ ಎಂದು ಮೇಲಿನ ಕಚೇರಿಗೆ ಸ್ಪಷ್ಟವಾಗಿ ಬರೆದು ಕಳಿಸಿದೆ. ವರ್ಗಕ್ಕೆ ತಯಾರಾಗಿ ಹೆಂಡತಿಗೆ ಪಾತ್ರೆಪಗಡ ಕಟ್ಟು ಎಂದೂ ಹೇಳಿದ್ದೆ.

ಉತ್ತರವೇ ಬರಲಿಲ್ಲ. ಯಾರೂ ಓದಿರಲಿಕ್ಕಿಲ್ಲ. ಮಂಚಗಳ ಮೇಲೆ ಹೆಂಗಸರು ಹೆತ್ತರು, ಮನೆಗೆ ಹೋದರು.